ಬೆಳಿ ಸೀರೆಗೆ ಈಗ ಆರೂ ಹೆದರ್ತವಿಲ್ಲೆ

ಹೆದರಿಕೆ ಸಿನೆಮ ನೋಡ್ಲೆ ನೆಂಟ್ರ ಮಕ್ಕೊಗೆಲ್ಲ ಎಂಗಳ ಮನೆಯೇ ಆಯೆಕ್ಕು. ಪುಂಜಾಲಕಟ್ಟೆ ಪೇಟೆಂದ ರಜ ಒಳ, ತೋಟದ ಕರೆಲಿ, ಮರದ ಅಟ್ಟ ಇಪ್ಪ ಹಳೆ ಮನೆ. ಇರುಳು ಚಾರ್ಮಾಡಿ ಹೊಡೆಂಗೆ ಹೋಪ ಲೋರಿಗಳ ಶಬ್ದ ಬಿಟ್ರೆ ಬೇರೆಂತ ಇಲ್ಲೆ. "ಇಲ್ಲಿ ನೋಡಿರೇ ಒಂದು ಗಮ್ಮತ್ತು ದೊಡ್ಡಮ್ಮ" ಹೇಳ್ತವು. ಈ ಬೇಸಗೆ ರಜೆಲಿಯೂ ಆರು ಜೆನ ಚಾವಡಿಯ ಲೈಟು ನಂದ್ಸಿ ಕೂದವು. ಆನು ಹಲಸಿನಕಾಯಿ ಹಪ್ಪಳ ಹೊರಿವದು, ಅವು ತಿಂಬದು. ಇಂಗ್ಲಿಷಿನ ಏವದೋ ಪ್ರೇತ. ಅದು ಬಾಯಿ ದೊಡ್ಡ ಮಾಡಿ ಎದುರು ಬಂದಪ್ಪಗ ಆರು ಜೆನವೂ ಒಟ್ಟಿಂಗೆ ನೆಗೆ ಮಾಡಿದವು.

ತಂಗೆಯ ಮಗಳು ಹೇಳಿತ್ತು, "ಇದರ್ಲಿ ಹೆದರ್ಲೆ ಎಂತ ಇದ್ದು ದೊಡ್ಡಮ್ಮ? ಪಿಟೀಲು ಕುಯ್ಯೋ ಹೇಳುವಗಳೇ ಗೊಂತಾವುತ್ತು, ಈಗ ಬತ್ತು ಹೇಳಿ. ಬಂತು. ಮುಗುದತ್ತು."

ಕೂಸು ಹೇಳಿದ್ದು ಸರಿ ಹೇಳಿ ಎನಗೂ ಕಂಡತ್ತು. ಬಂದ ಮತ್ತೆ ಹೆದರಿಕೆ ಇಲ್ಲೆ. ಹೆದರಿಕೆ ಇಪ್ಪದು ಬಪ್ಪ ಮದಲೇ.

ಇದರ ಎನಗೆ ಸುರುವಿಂಗೆ ಕಲಿಶಿದ್ದು ಸಿನೆಮ ಅಲ್ಲ, ಆಟ. ಕಟೀಲು ಮೇಳದ ದೇವಿ ಮಹಾತ್ಮೆ ನಿಂಗೊ ಎಲ್ಲ ನೋಡಿಪ್ಪಿ. ನೆಡು ಇರುಳು ಕಳುದ ಮತ್ತೆ ಮಹಿಷಾಸುರ ಬಪ್ಪದು, ಅದೂ ಚೌಕಿಂದ ಸೀದಾ ರಂಗಸ್ಥಳಕ್ಕೆ ಅಲ್ಲ, ಜೆನಂಗಳ ನೆಡುಕೆಂದ. ಮದಲು ಎಲ್ಲಿಯೋ ದೂರಲ್ಲಿ, ಗೆದ್ದೆಯ ಆಚ ಹೊಡೆಲಿ ಒಂದು ಅಬ್ಬರೆ. ಒರಗಿದ ಮಕ್ಕಳೆಲ್ಲ ಎದ್ದು ಕೂಪದು. ಚೆಂಡೆ ಜೋರಾವುತ್ತು. ಮತ್ತೆ ದೊಂದಿಯ ಬೆಣಚ್ಚು. ರಾಳದ ಹುಡಿ ಇಡ್ಕುವಗ ಭಗ್ ಹೇಳಿ ಕಿಚ್ಚು ಏಳುದು, ಆ ಕಿಚ್ಚಿನ ಎಡೆಲಿ ಎರಡು ಕೊಂಬು ಮಾಂತ್ರ ಕಾಂಬದು. ಆನು ಅಬ್ಬೆಯ ಸೆರಗಿಲಿ ಮೋರೆ ಹುಗ್ಗುಸಿಯೊಂಡಿತ್ತಿದ್ದೆ. ಹುಗ್ಗುಸಿದರೂ ಒಂದು ಕಣ್ಣು ಹೆರ.

ಅದರ್ಲಿ ಒಂದು ವಿಚಿತ್ರ ಇದ್ದು. ಹೊತ್ತೋಪಗಳೇ ಚೌಕಿಗೆ ಹೋಗಿ ಆ ವೇಷ ಕಟ್ಟುದರ ಎಂಗೊ ನೋಡಿಕ್ಕಿಯೇ ಬಂದೊಂಡಿತ್ತಿದ್ದೆಯೊ°. ಅಕ್ಕಿಹಿಟ್ಟು ಸುಣ್ಣ ಸೇರ್ಸಿ ಮೋರೆಗೆ ಒಂದೊಂದೇ ಚುಟ್ಟಿ ಮಡುಗುದು, ಗಂಟೆಗಟ್ಲೆ ಅಲುಗದ್ದೆ ಕೂಪದು, ಎಡೆಲಿ ಒಂದು ಗ್ಲಾಸು ಚಾಯ. ಅಂವ° ಮನುಷ್ಯ° ಹೇಳಿ ಕಣ್ಣಾರೆ ಕಂಡಿದು. ಆದರೂ ನೆಡು ಇರುಳು ಆ ಅಬ್ಬರೆ ಕೇಳುವಗ ಗೊಂತಿಪ್ಪದು ಏವದೂ ಉಪಕಾರಕ್ಕೆ ಬಾರ. ಸುಳ್ಳು ಹೇಳಿ ಗೊಂತಿದ್ದರೆ ಹೆದರಿಕೆ ಆಗ ಹೇಳ್ತವಲ್ಲದೋ, ಅದು ಹಗಲಾಣ ಮಾತು.

ಸಿನೆಮದವು ಇದನ್ನೇ ಕೆಮರಲ್ಲಿ ಮಾಡಿದ್ದು. ಹಿಚ್‌ಕಾಕ್ ಹೇಳುವ ನಿರ್ದೇಶಕ° 1960ರಲ್ಲಿ 'ಸೈಕೋ' ಹೇಳಿ ಒಂದು ಕಪ್ಪು ಬೆಳಿ ಸಿನೆಮ ಮಾಡಿದ°. ಒಂದು ಹೆಮ್ಮಕ್ಕೊ ಬಚ್ಚಲಿಲಿ ಮೀವಗ ಪರದೆಯ ಆಚ ಹೊಡೆಲಿ ಆರೋ ಬಂದು ನಿಂಬದು. ಎಂಗಳ ಆಟದ ತೆರೆಯೇ ಅದು! ಮತ್ತೆ ಚೂರಿ, ಕೈ, ನೀರು, ಕಿರ್ಚುವ ಬಾಯಿ, ಎಲ್ಲ ತುಂಡು ತುಂಡು ಕಾಂಬದು. ಕುತ್ತಿದ್ದರ ನಾವೇ ಮನಸ್ಸಿಲಿ ಜೋಡ್ಸಿಗೊಂಬದು. ನೆತ್ತರು ಹೇಳಿ ಹರುಶಿದ್ದು ಚಾಕಲೇಟು ಪಾಕ. ಆ ಸೀನಿಂಗೆ ಸಂಗೀತ ಬೇಡ ಹೇಳಿಯೇ ಇತ್ತಡ ಅವಂಗೆ ಮದಲು. ಸಂಗೀತ ಮಾಡಿದ ಬರ್ನಾರ್ಡ್ ಹರ್ಮನ್ ಪಿಟೀಲಿನ ಕಿರ್ಚುಸಿ ಕೇಳ್ಸಿದ ಮತ್ತೆ ಒಪ್ಪಿದ°. ಎಂಗಳ ಕೂಸು ನೆಗೆ ಮಾಡಿದ ಆ ಪಿಟೀಲಿನ ಅಜ್ಜಿ ಅದುವೇ. ಅಂಬಗ ಜೆನಂಗೊ ಅದಕ್ಕೆ ಕುರ್ಚಿಂದ ಹಾರಿದ್ದವು. ಅರುವತ್ತು ಒರಿಶ ಎಲ್ಲೋರೂ ಅದನ್ನೇ ಬಾರ್ಸಿ ಬಾರ್ಸಿ, ಈಗ ಅದು ಶಾಲೆ ಬೆಲ್ಲಿನ ಹಾಂಗೆ ಆಯಿದು.

1975ರಲ್ಲಿ ಬಂದ 'ಜಾಸ್' ಸಿನೆಮದ ಕತೆ ಇನ್ನೂ ಲಾಯ್ಕ. ಸ್ಪೀಲ್‌ಬರ್ಗ್ ದೊಡ್ಡ ಶಾರ್ಕ್ ಮೀನಿನ ಯಂತ್ರಲ್ಲಿ ಮಾಡ್ಸಿದ್ದು. ಸಮುದ್ರದ ನೀರಿಂಗೆ ಇಳಿಶಿದರೆ ಅದು ಅಂಬಗಂಬಗ ಹಾಳು. ಮೀನು ಇಲ್ಲದ್ದ ಕಾರಣ ಅಂವ° ನೀರಿನನ್ನೇ ತೋರ್ಸಿದ°, ಸಂಗೀತವನ್ನೇ ಕೇಳ್ಸಿದ°. ಜೆನ ಮೀನಿಂದ ಹೆಚ್ಚು ನೀರಿಂಗೆ ಹೆದರಿದವು. ಅಡಿಗೆಲಿಯೂ ಹಾಂಗೇ ಅಲ್ಲದೋ? ಒಂದು ಸಾಮಾನು ಮುಗುದ ದಿನವೇ ಕೆಲವು ಸರ್ತಿ ಕೊದಿಲು ಲಾಯ್ಕ ಅಪ್ಪದು.

ಮತ್ತೆ ಬಂದದು ಬೆಳಿ ಸೀರೆಯ ಕಾಲ. ಹಿಂದಿಲಿ ರಾಮ್ಸೆ ಅಣ್ಣತಮ್ಮಂದ್ರು ಏಳು ಜೆನ. ಒಬ್ಬ° ಕೆಮರ, ಒಬ್ಬ° ಶಬ್ದ, ಒಬ್ಬ° ಎಡಿಟಿಂಗು, ಮನೆಮಂದಿಯೇ ಸೇರಿ ನಮ್ಮ ಜೆಂಬಾರದ ಹಾಂಗೆ ಸಿನೆಮ ಮಾಡಿಯೊಂಡಿತ್ತಿದ್ದವು. 1984ರ 'ಪುರಾನಾ ಮಂದಿರ್' ಅವರದ್ದೇ. ಹಳೆ ಬಂಗ್ಲೆ, ಹೊಗೆ, ಕಿರ್ರ್ ಹೇಳುವ ಬಾಗಿಲು. 1993ಂದ ಮತ್ತೆ ಝೀ ಟಿ.ವಿ.ಲಿ 'ಝೀ ಹಾರರ್ ಶೋ' ಹೇಳಿಯೂ ಬಂತು. ಎನ್ನ ನಾದಿನಿ ಅದರ ನೋಡುವಗ ಕಣ್ಣು ಮುಚ್ಚ, ಕೆಮಿ ಮುಚ್ಚುಗು. ಅದು ಸರಿಯಾದ ಉಪಾಯ, ಬೇಕಾರೆ ನಿಂಗೊ ಮಾಡಿ ನೋಡಿ. ಶಬ್ದ ತೆಗದರೆ ಏವ ಪ್ರೇತವೂ ಹಲ್ಲುಬೇನೆಯವರ ಹಾಂಗೆ ಕಾಣ್ತು. ಕನ್ನಡಲ್ಲಿ ಅದಕ್ಕೂ ಮದಲೇ, 1979ರಲ್ಲಿ, 'ನಾ ನಿನ್ನ ಬಿಡಲಾರೆ' ಬಂದಿತ್ತು. ಅನಂತನಾಗ್, ಲಕ್ಷ್ಮಿ. ಅದು ಬೇರೆ ಜಾತಿ. ಅದರ್ಲಿ ಹೆದರಿಕೆ ಅಪ್ಪದು ಬಂಗ್ಲೆಗೆ ಅಲ್ಲ, ಅನಂತನಾಗಿನ ಮೋರೆಗೆ. ಅದರ ಮತ್ತೆ ಹೇಳ್ತೆ.

ಎನ್ನ ಪ್ರಾಯದವಕ್ಕೆ ಎಲ್ಲೋರಿಂಗೂ ನೆಂಪಿಪ್ಪದು 'ಗುಡ್ಡದ ಭೂತ'. 1990ರ ಹೊತ್ತಿಂಗೆ ದೂರದರ್ಶನಲ್ಲಿ ಬಂದದು, ಸದಾನಂದ ಸುವರ್ಣರು ಮಾಡಿದ್ದು. ಪ್ರಕಾಶ್ ರೈ ಅಂಬಗ ಇನ್ನೂ ಸಪೂರದ ಮಾಣಿ. ಅಪ್ಪನ ಮನೆಲಿ ಟಿ.ವಿ. ಇತ್ತಿಲ್ಲೆ. ಮೂರು ಗೆದ್ದೆ ದಾಂಟಿ ಒಂದು ಮನೆಲಿ ಇತ್ತು, ಊರಿನ ಹೆಮ್ಮಕ್ಕೊ ಮಕ್ಕೊ ಪೂರ ಅಲ್ಲಿಯೇ. ಸುರುವಾಣ ಆ ತುಳು ಪದ್ಯ ಬಂತು ಹೇಳಿರೆ ಪಿಸಿಪಿಸಿ ಮಾತು ನಿಂಗು. ನೋಡಿಕ್ಕಿ ವಾಪಾಸು ಹೋಪದು ಹೇಂಗೆ? ಸೂಟೆ ಬೀಸಿಯೊಂಡು, ಸಾಲಾಗಿ. ಅಕೇರಿಗೆ ನೆಡವಲೆ ಆರೂ ತಯಾರಿಲ್ಲೆ, ಮುಂದೆ ನೆಡವಲೂ ತಯಾರಿಲ್ಲೆ. ಎಲ್ಲೋರಿಂಗೂ ನೆಡುಕೆಯೇ ಆಯೆಕ್ಕು!

ರಾಮ್ಸೆಯವರ ಬಂಗ್ಲೆ ಎಂಗೊ ಆರೂ ಕಂಡವಲ್ಲ. ಆದರೆ ಗುಡ್ಡದ ಭೂತದ ಗುಡ್ಡೆ ಎಂಗಳ ಹಟ್ಟಿಯ ಹಿಂದೆಯೇ ಇತ್ತು. ಅದೇ ಮುಳಿ, ಅದೇ ಹಂಚಿನ ಮಾಡು, ಅದೇ ಕೆಮಣ್ಣಿನ ಮಾರ್ಗ. 2015ರಲ್ಲಿ 'ರಂಗಿತರಂಗ'ಲ್ಲಿ ಆ ಪದ್ಯವ ಪುನಾ ಹಾಕಿದವು. ಮಕ್ಕಳ ಒಟ್ಟಿಂಗೆ ಟಾಕೀಸಿಲಿ ಕೂದ ಎನಗೆ ಪದ್ಯ ಸುರುವಪ್ಪಗಳೇ ಮೈ ಜುಂ ಹೇಳಿತ್ತು, ಮಕ್ಕೊಗೆ ಎಂತ ಆಯಿದಿಲ್ಲೆ. ಅವಕ್ಕೆ ಅದು ಒಳ್ಳೆ ಪದ್ಯ, ಎನಗೆ ಮೂರು ಗೆದ್ದೆ.

ಇಲ್ಲಿ ಒಂದು ಮಾತು ಹೇಳೆಕ್ಕು, ಘಟ್ಟದ ಮೇಗಾಣ ಸೊಸೆಕ್ಕೊಗೆ ಬೇಕಾಗಿ. ಪುಸ್ತಕದ ಕನ್ನಡಲ್ಲಿ ಭೂತ ಹೇಳಿರೆ ದೆವ್ವ. ನಮ್ಮ ಊರಿಲಿ ಭೂತ ಹೇಳಿರೆ ದೈವ, ಕೈ ಮುಗಿವದು. 2022ರಲ್ಲಿ 'ಕಾಂತಾರ' ಬಂದಪ್ಪಗ ಕಡೆಯಾಣ ಆ ಅಬ್ಬರೆಗೆ ಬೆಂಗ್ಳೂರಿನ ಪುಳ್ಳಿಯಕ್ಕೊ ಕುರ್ಚಿಲಿ ಮುದ್ದೆ ಆದವು, ಆಚ ಕುರ್ಚಿಲಿ ನಮ್ಮ ಊರಿನ ಅಜ್ಜಿ ಒಂದು ಕೈ ಮುಗುದು ಕೂದಿತ್ತು. ಒಂದೇ ಶಬ್ದ, ಒಂದೇ ಟಾಕೀಸು.

ಈಗಾಣವು ಬೇರೆ ಬೇರೆ ದಾರಿ ಹುಡ್ಕಿದವು. 2013ರ '6-5=2'ಲಿ ಚಾರಣಕ್ಕೆ ಹೋದವರ ಕೆಮರ ಸಿಕ್ಕಿದ್ದು, ಅದರ್ಲಿ ಇದ್ದದರ ಹಾಂಗೇ ತೋರ್ಸುದು ಹೇಳಿ ಮಾಡಿದ್ದವು. ಅಮೇರಿಕಲ್ಲಿ 1999ರಲ್ಲಿ 'ಬ್ಲೇರ್ ವಿಚ್' ಮಾಡಿದ ಉಪಾಯವೇ. ಕೆಮರ ಅಲುಗಿ ಅಲುಗಿ ಎನಗೆ ತಲೆ ತಿರುಗಿತ್ತು, ಹೆದರ್ಲೆ ಪುರುಸೊತ್ತು ಸಿಕ್ಕಿದ್ದಿಲ್ಲೆ. ಮತ್ತೆ ಮೊನ್ನೆ 2025ರಲ್ಲಿ ಜೆ.ಪಿ. ತೂಮಿನಾಡು ಮಾಡಿದ 'ಸು ಫ್ರಮ್ ಸೋ'. ಸೋಮೇಶ್ವರದ ಸುಲೋಚನನ ಪ್ರೇತ ಮೈಗೆ ಬಯಿಂದು ಹೇಳಿ ಇಡೀ ಊರು ನಂಬುದು. ನೆಗೆ ಮಾಡಿ ಮಾಡಿ ಎಂಗಳ ಹೊಟ್ಟೆ ಬೇನೆ. ಆದರೆ ಆ ನೆಗೆ ಅಕೇರಿಗೆ ಹೋಗಿ ನಿಂಬದು ಜೀವ ಇಪ್ಪ ಒಂದು ಹೆಣ್ಣಿನ ಕಷ್ಟಲ್ಲಿ. ಪ್ರೇತಕ್ಕೆ ನೆಗೆ ಮಾಡುಲೆ ಎಡಿಗು, ಅದಕ್ಕೆ ಎಡಿಯ.

ಅಂಬಗ ಹೆದರಿಕೆ ಎಲ್ಲಿಗೆ ಹೋತು? ಎನಗೆ ಕಾಂಬದು, ಅದು ಗುಡ್ಡೆಂದ ಇಳುದು ಜಾಲಿಂಗೆ ಬಂತು, ಜಾಲಿಂದ ಮನೆ ಒಳಂಗೆ.

1990ರ ದಶಕಲ್ಲಿ ಬಾಗಿಲಿಲಿ, ಗೋಡೆಲಿ 'ನಾಳೆ ಬಾ' ಹೇಳಿ ಬರಕ್ಕೊಂಡಿದ್ದದು ನೆಂಪಿದ್ದೋ? ಇರುಳು ಒಂದು ಹೆಣ್ಣು ಪ್ರೇತ ಬಂದು ಬಾಗಿಲು ಬಡಿತ್ತಡ. 'ನಾಳೆ ಬಾ' ಹೇಳಿ ಓದಿಕ್ಕಿ ತಿರುಗಿ ಹೋವುತ್ತಡ, ಮರದಿನ ಬಂದರೆ ಪುನಾ ಅದುವೇ ಬರಹ. ಓದುಲೆ ಬಪ್ಪ ಪ್ರೇತ, ಸಾಕ್ಷರತಾ ಆಂದೋಲನದ ಕಾಲ ಅಲ್ಲದೋ. 2018ರಲ್ಲಿ ಹಿಂದಿಯವು 'ಸ್ತ್ರೀ' ಸಿನೆಮಲ್ಲಿ ಇದನ್ನೇ ತೆಕ್ಕೊಂಡವು, ಒಳ್ಳೆ ಪೈಸೆ ಮಾಡಿದವು. ಆದರೆ ಎನಗೆ ಆ ಸುದ್ದಿಲಿ ಹೆದರಿಕೆ ಆದ್ದು ಬರಹಕ್ಕೂ ಅಲ್ಲ, ಪ್ರೇತಕ್ಕೂ ಅಲ್ಲ. ಅದು ಮನೆಯವರ ಸೊರಲ್ಲಿಯೇ ದಿನಿಗೇಳ್ತಡ ಹೇಳುವ ಮಾತಿಂಗೆ. ಅಜ್ಜಿ ಎಂಗೊಗೆ ಇದರ ಮದಲೇ ಹೇಳಿಕೊಟ್ಟಿತ್ತು: ಇರುಳು ಆರಾರು ಹೆರಂದ ದಿನಿಗೇಳಿರೆ ಒಂದೇ ಸರ್ತಿಗೆ 'ಓ' ಹೇಳ್ಲಾಗ, ಮೂರು ಸರ್ತಿ ಅಪ್ಪನ್ನಾರ ಕಾಯೆಕ್ಕು. ಅಬ್ಬೆಯ ಸೊರ ಆದರೂ. ಅಬ್ಬೆಯ ಸೊರ ಅಬ್ಬೆಯದ್ದು ಅಲ್ಲದ್ದರೆ? ಎಂಟು ಒರಿಶದ ಕೂಸಿಂಗೆ ಇದರಿಂದ ದೊಡ್ಡ ಹೆದರಿಕೆ ಬೇರೆ ಎಂತ ಬೇಕು.

ನಮ್ಮ ಈ ತುಳುನಾಡಿಲಿ ಸತ್ತವುದೇ ನೆಂಟ್ರೇ ಅಲ್ಲದೋ. ನೆರೆಕರೆಯ ತುಳುವರ ಮನೆಗಳಲ್ಲಿ ಆಟಿ ತಿಂಗಳು ಕುಲೆಗೊಕ್ಕೆ ಬಾಳೆ ಹಾಕಿ ಬಳುಸುದು, ಸಣ್ಣ ಪ್ರಾಯಲ್ಲಿ ಹೋದ ಮಕ್ಕೊಗೆ ಪ್ರಾಯ ಅಪ್ಪಗ ಮದುವೆಯೂ ಮಾಡ್ಸುದು. 2024ರಲ್ಲಿ ಪುತ್ತೂರು ಹೊಡೆಯ ಒಂದು ಮನೆಯವು, ಮೂವತ್ತು ಒರಿಶ ಹಿಂದೆ ತೀರಿಹೋದ ಮಗಳಿಂಗೆ ಮಾಣಿ ಬೇಕು ಹೇಳಿ ಪೇಪರಿಲಿ ಹಾಕಿದ್ದು ದೇಶ ಇಡೀ ಸುದ್ದಿ ಆತು. ಹೆರಾಣವಕ್ಕೆ ಅದು ಹಾರರ್. ಎನಗೆ ಅದರ ಓದಿ ಆ ಅಬ್ಬೆಯ ಗ್ರೇಶಿ ಕಣ್ಣಿಲಿ ನೀರು ಬಂತು. ಸತ್ತ ನಮ್ಮವು ನಮ್ಮವರಾಗಿಯೇ ಬಂದರೆ ಹೆದರಿಕೆ ಇಲ್ಲೆ. ಹೆದರಿಕೆ ಇಪ್ಪದು, ಜೀವ ಇಪ್ಪ ನಮ್ಮವು ಎದುರೇ ಕೂದೊಂಡು ನಮ್ಮವಲ್ಲದ್ದೆ ಅಪ್ಪಗ.

'ಆಪ್ತಮಿತ್ರ' ಮಾಡಿದ್ದು ಇದನ್ನೇ. 1993ರ ಮಲಯಾಳದ 'ಮಣಿಚಿತ್ರತ್ತಾಳ್' ಸಿನೆಮವ ಪಿ. ವಾಸು 2004ರಲ್ಲಿ ಕನ್ನಡಕ್ಕೆ ತಂದದು. ಅದರ್ಲಿ ನಿಜಕ್ಕೆ ಪ್ರೇತವೇ ಇಲ್ಲೆ, ಮನಸ್ಸಿನ ಕಾಯಿಲೆ. ಮದ್ದು ಮಾಡ್ಲೆ ವಿಷ್ಣುವರ್ಧನ್ ಡಾಕ್ಟ್ರಾಗಿ ಬಪ್ಪದು. ಹೆಂಡತ್ತಿ ಗಂಗಾ ಗೆಂಡನ ಹತ್ತರೆ ಮಾತಾಡಿಯೊಂಡು ಇಪ್ಪ ಹಾಂಗೇ ಕಣ್ಣು ಬದಲುತ್ತು, ಸೊರ ಬದಲುತ್ತು. ಗೆಂಡ° ನೋಡಿಯೊಂಡು ಬಾಕಿ. ಆ ಸಿನೆಮ ಬಪ್ಪಗ ಸೌಂದರ್ಯ ಇಲ್ಲೆ. ಎಪ್ರಿಲಿಲಿ ವಿಮಾನ ಬಿದ್ದು ತೀರಿಹೋದ್ದು, ಸಿನೆಮ ಬಂದದು ಆಗಸ್ಟಿಲಿ. ಟಾಕೀಸಿಲಿ ಅದರ ಮೋರೆ ಕಾಂಬಗಳೇ ಹೆಮ್ಮಕ್ಕೊ ಮೂಗು ಸೀಂಟಿಯೊಂಡಿತ್ತಿದ್ದವು, ಅದೇ ಮೋರೆ ನಾಗವಲ್ಲಿ ಅಪ್ಪಗ ಒಂದು ಸೊರ ಇಲ್ಲೆ. ಅನಂತನಾಗಿನ ಮೋರೆ ಬಗ್ಗೆ ಮತ್ತೆ ಹೇಳ್ತೆ ಹೇಳಿದ್ದು ಇದಕ್ಕೇ. ಕಾಡಿಗೆ, ಹೊಗೆ, ಉದ್ದ ಹಲ್ಲು ಯಾವುದೂ ಬೇಡ. ಗುರ್ತದ ಮೋರೆ ಗುರ್ತ ಇಲ್ಲದ್ದೆ ಆದರೆ ಸಾಕು.

ಎಂಗಳ ಅತ್ತೆಯ ನಿಂಗೊಗೆಲ್ಲ ಗೊಂತಿದ್ದು. ಈ ಹೊಡೆಯ ಅರ್ಧ ಬಾಳಂತಿಯಕ್ಕೊಗೆ ಎಣ್ಣೆ ಕಿಟ್ಟಿ ಮೀಶಿದ ಕೈ ಅದು. ತೀರಿಹೋಗಿ ಎರಡು ಒರಿಶ ಆತು. ಕಡೆಯಾಣ ನಾಲ್ಕು ಒರಿಶ ಅವಕ್ಕೆ ಮರವು ಕಾಯಿಲೆ. ಸುರುವಿಂಗೆ ಸಾರಿಂಗೆ ಎರಡು ಸರ್ತಿ ಉಪ್ಪು. ಮತ್ತೆ ಮಕ್ಕಳ ಹೆಸರುಗೊ. ಮತ್ತೆ, ಹೊತ್ತೋಪಗ ಆದರೆ ಸಾಕು, 'ಎನ್ನ ಮನೆಗೆ ಬಿಡಿ' ಹೇಳಿ ಚೀಲ ಹಿಡುದು ಹೆರಡುದು. ಮದುವೆ ಆಗಿ ಬಂದು ಅರುವತ್ತು ಒರಿಶ ಆದ ಮನೆ! ಕನ್ನಟಿಲಿ ಒಂದು ಅಜ್ಜಿ ಕೂದೊಂಡಿದ್ದು, ಅದಕ್ಕೂ ಚಾಯ ಕೊಡು ಹೇಳುಗು. ಎಂಗೊಗೆ ನೆಗೆ ಬಂದೊಂಡಿತ್ತು. ಒಂದು ದಿನ, ಆ ಅಜ್ಜಿ ಎನ್ನನ್ನೇ ನೋಡ್ತು ಹೇಳಿ ಕೂಗುಲೆ ಸುರು ಮಾಡಿದವು. ಕನ್ನಟಿಗೆ ಹಳೆ ಹೊದಕ್ಕೆ ಮುಚ್ಚಿದೆಯೊ°.

ಒಂದು ಆಟಿಯ ಇರುಳು, ಮಳೆ, ಕರೆಂಟು ಇಲ್ಲೆ. ಎಂಗಳ ಮನೆಯವು ಒಂದು ಪೂಜೆಗೆ ಹೋಗಿ ಅಲ್ಲೇ ನಿಂದಿತ್ತಿದ್ದವು. ಎನಗೆ ಪಕ್ಕನೆ ಎಚ್ಚರಿಕೆ ಆತು, ಎಂತಕೆ ಹೇಳಿ ಗೊಂತಾತಿಲ್ಲೆ. ಕಣ್ಣು ಬಿಟ್ಟರೆ ಮಂಚದ ಕರೆಲಿ ಆರೋ ನಿಂದೊಂಡಿದ್ದು. ಮಿಂಚಿಲಿ ಕಂಡತ್ತು: ಅತ್ತೆ. ಬಿಚ್ಚಿದ ತಲೆಕಸವು, ಬೆಳಿ ವಾಯಿಲು ಸೀರೆ. ಪುನಾ ಕಸ್ತಲೆ. ರಾಮ್ಸೆಯವರ ಸಾಮಾನು ಪೂರ ಇತ್ತು ನೋಡಿ. ಆದರೆ ಎನ್ನ ಕೈಕ್ಕಾಲು ತಣ್ಣಂಗೆ ಆದ್ದು ಅದಕ್ಕಲ್ಲ. ಮೊಬೈಲಿನ ಲೈಟು ಹಾಕಿದೆ. ಅವು ಎನ್ನ ಮೋರೆಯನ್ನೇ ನೋಡಿದವು, ತುಂಬ ಹೊತ್ತು. ಮೂವತ್ತು ಒರಿಶ ಒಂದೇ ಅಡಿಗೆಕೋಣೆಲಿ ಒಟ್ಟಿಂಗೆ ಬೆಂದವು ಎಂಗೊ. ಆ ಕಣ್ಣಿಲಿ ಎನ್ನ ಗುರ್ತ ಇಲ್ಲೆ.

"ಎನ್ನ ಮನೆಲಿ ನೀನು ಆರು?" ಕೇಳಿದವು.

ಬೈವ ಸೊರ ಅಲ್ಲ ಅದು. ಅವರ ಸೊರ ನೆಡುಗಿಯೊಂಡಿತ್ತು. ಆ ಕೋಣೆಲಿ ಹೆದರಿದ್ದು ಅವು, ಪ್ರೇತ ಆನು.

ವಾದ ಮಾಡ್ಲಾಗ, ಆನು ನಿಂಗಳ ಸೊಸೆ ಹೇಳಿ ಒಪ್ಪುಸುಲೆ ಹೋಪಲಾಗ ಹೇಳಿ ಡಾಕ್ಟ್ರು ಮದಲೇ ಹೇಳಿತ್ತಿದ್ದವು. "ಆನು ಆಚಮನೆಯ ಕೂಸು. ಹಾಲು ಕೊಂಡೋಪಲೆ ಬಂದದು" ಹೇಳಿದೆ. ರಜ ಹೊತ್ತು ಯೋಚನೆ ಮಾಡಿದವು. "ಇಷ್ಟು ಇರುಳು ಬಂದೆಯಾ ಮಗಳೇ? ಕೂರು, ದನ ಇನ್ನೂ ಕರದಾಯಿದಿಲ್ಲೆ" ಹೇಳಿ ಎನ್ನ ಹಾಸಿಗೆಲಿಯೇ ಕೂದವು. ಉದಿಯಪ್ಪನ್ನಾರ ಎಂಗೊ ಎರಡು ಜೆನ ಹಾಂಗೇ ಕೂದೊಂಡಿತ್ತಿದ್ದೆಯೊ°, ದನ ಕರವ ಹೊತ್ತಿಂಗೆ ಕಾದೊಂಡು. ಹಟ್ಟಿಲಿ ದನ ಇಲ್ಲದ್ದೆ ಆರು ಒರಿಶ ಆಗಿತ್ತು.

ಈ ಕತೆ ಗೊಂತಿದ್ದೇ ಎನ್ನ ಮಗಳು, ಓ ಮೊನ್ನೆ ಬೆಂಗ್ಳೂರಿಂಗೆ ಹೋಗಿಪ್ಪಗ, 'ರೆಲಿಕ್' ಹೇಳಿ ಒಂದು ಸಿನೆಮ ಹಾಕಿ ಕೊಟ್ಟತ್ತು. ಆಸ್ಟ್ರೇಲಿಯದ್ದು, 2020ರದ್ದು. ಮಾಡಿದ್ದು ನಟಾಲಿ ಎರಿಕಾ ಜೇಮ್ಸ್ ಹೇಳುವ ಹೆಮ್ಮಕ್ಕೊ. ಅದರ ಅಜ್ಜಿ ಜಪಾನಿಲಿ ಇದ್ದದು, ಇದೇ ಕಾಯಿಲೆ. ನೋಡ್ಲೆ ಹೋಗಿಪ್ಪಗ ಅಜ್ಜಿಗೆ ಪುಳ್ಳಿಯ ಗುರ್ತ ಸಿಕ್ಕಿದ್ದಿಲ್ಲೆಡ. ಅಲ್ಲಿಂದ ಹುಟ್ಟಿದ ಸಿನೆಮ. ಒಂದು ಮನೆ, ಅಜ್ಜಿ, ಮಗಳು, ಪುಳ್ಳಿ. ಗೋಡೆ ಇಡೀ ಅಜ್ಜಿ ಚೀಟಿ ಅಂಟ್ಸಿಗೊಂಡಿದು. ಆನೂ ಅಂಟ್ಸಿತ್ತಿದ್ದೆ, ಕರಡಿಗೆಗಳ ಮೇಗೆ: ಉಪ್ಪು, ಸಕ್ಕರೆ. ಹೋವುತ್ತಾ ಹೋವುತ್ತಾ ಆ ಮನೆಯ ಓಣಿ ಸಪೂರ ಆವುತ್ತು, ಬಾಗಿಲು ಇದ್ದಲ್ಲಿ ಗೋಡೆ, ಪುಳ್ಳಿಗೆ ಹೆರ ಬಪ್ಪಲೆ ದಾರಿಯೇ ಸಿಕ್ಕುತ್ತಿಲ್ಲೆ. ಅತ್ತೆಗೆ ಹೊತ್ತೋಪಗ ಎಂಗಳ ಮನೆ ಹೀಂಗೇ ಕಂಡೊಂಡಿದ್ದದಾಯಿಕ್ಕು ಹೇಳಿ ಗ್ರೇಶಿದೆ. ನಾಲ್ಕು ಒರಿಶ ಒಟ್ಟಿಂಗೆ ಇದ್ದರೂ ಎನಗೆ ಅದು ಅಂದಾಜಾಗಿತ್ತಿಲ್ಲೆ.

ಕಡೆಂಗೆ ಅಜ್ಜಿ ಪೂರ ಬೇರೆಂತದೋ ಆವುತ್ತು. ಮಗಳು ಹೆರ ಓಡುಲೆ ಎಡಿಗಾಗಿತ್ತು. ಓಡದ್ದೆ ತಿರುಗಿ ಬಂದು ಅಜ್ಜಿಯ ಹಾಸಿಗೆಲಿ ಮನುಗುಸಿ, ಒಣಗಿದ ಚರ್ಮವ ಮೆಲ್ಲಂಗೆ ಸೊಲುದು ತೆಗದು, ಹತ್ತರೆ ಮನುಗುತ್ತು. ನೋಡ್ಲೆ ಅಸಹ್ಯ ಹೇಳಿ ಕಾಂಗು. ಹಾಸಿಗೆ ಹಿಡುದವರ ಚಾಕ್ರಿ ಮಾಡಿದ ಕೈಗೆ ಅದು ಅಸಹ್ಯ ಅಲ್ಲ. ಮತ್ತೆ ಪುಳ್ಳಿಯೂ ಬಂದು ಹಿಂದೆ ಮನುಗುತ್ತು, ಅಂಬಗ ಅದಕ್ಕೆ ಅಬ್ಬೆಯ ಬೆನ್ನಿಲಿ ಒಂದು ಕಪ್ಪು ಚುಕ್ಕೆ ಕಾಣ್ತು. ಅಜ್ಜಿಗೆ ಸುರುವಾದ್ದೂ ಹಾಂಗಿಪ್ಪ ಚುಕ್ಕೆಂದಲೇ.

ಸಿನೆಮ ಅಲ್ಲಿಗೆ ಮುಗುತ್ತು. ಪಿಟೀಲು ಇಲ್ಲೆ, ಕಿರ್ಚುದು ಇಲ್ಲೆ. ಅತ್ತೆಯದ್ದು ಎನ್ನ ರಕ್ತ ಅಲ್ಲ. ಆದರೆ ಎನ್ನ ಅಬ್ಬೆಗೆ ಎಂಭತ್ತೊಂದು. ಮೊನ್ನೆ ಫೋನಿಲಿ ಒಂದೇ ಸಂಗತಿಯ ಮೂರು ಸರ್ತಿ ಕೇಳಿತ್ತು. ಆನುದೇ ಸ್ಟೋರು ರೂಮಿಂಗೆ ಹೋಗಿ, ಎಂತಕೆ ಬಂದದು ಹೇಳಿ ನಿಂಬದು ಇದ್ದು.

ಟಿ.ವಿ. ನಂದ್ಸಿಕ್ಕಿ ಮಗಳಿಂಗೆ ಹೇಳಿದೆ, "ಮುಂದೆ ಒಂದು ದಿನ ಆನು ನಿನ್ನ ಹತ್ತರೆ ನೀನು ಆರು ಕೇಳಿರೆ, ಮಗಳು ಹೇಳಿ ವಾದ ಮಾಡೆಡ. ಆಚಮನೆಂದ ಹಾಲಿಂಗೆ ಬಂದದು ಹೇಳು."

ಅದು ಸುಮಾರು ಹೊತ್ತು ಎಂತ ಹೇಳಿದ್ದಿಲ್ಲೆ. ಮತ್ತೆ, "ಬೆಂಗ್ಳೂರಿಲಿ ಹಾಲಿಂಗೆ ಆರೂ ಆಚಮನೆಗೆ ಹೋವುತ್ತವಿಲ್ಲೆ ಅಮ್ಮಾ. ಪೇಕೆಟ್ಟು ಬಾಗಿಲಿಂಗೇ ಬತ್ತು" ಹೇಳಿತ್ತು.

"ಅಂಬಗ ಪೇಕೆಟ್ಟು ಕೊಡ್ಲೆ ಬಂದದು ಹೇಳು" ಹೇಳಿದೆ.